ಹಿಟ್ಟಾದ ಮೇಲೆ ಕಾಳು ಸಿಗದು



ನಮ್ಮ ಕನ್ನಡ ಕಾರ್ಯಕ್ರಮಕ್ಕೆ ಬರುವ ಪತ್ರಗಳಲ್ಲಿ ಹಾಡಿನ ಕೋರಿಕೆಯನ್ನು ಬಿಟ್ಟರೆ ಹೆಚ್ಚಾಗಿ ಇರುವುದು ಓದು, ಉದ್ಯೋಗದ ಪ್ರಶ್ನೆ. “ಮಗಳು ಬಿ.ಕಾಂ. ಮುಗಿಸಿದ್ದಾಳೆ, ಕಂಪ್ಯೂಟರಿನಲ್ಲಿ ಮುಂದೇನು ಕಲಿಸೋಣ?” ಎಂದು ಒಬ್ಬರು ಕೇಳಿದರೆ, “ತಮ್ಮ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಾನೆ, ಮಧ್ಯಾಹ್ನ ಎರಡು ತಾಸು ಬಿಡುವಿದೆ, ಏನಾದರೂ ದಾರಿ ಹೇಳಿ” ಎಂದು ಇನ್ನೊಬ್ಬರು ಬರೆಯುತ್ತಾರೆ. ಇವತ್ತಿನ ಮಾತು ಅಂಥ ಮನೆಗಳಿಗೆ. ವಿಷಯದ ಹೆಸರು ತುಸು ಭಾರವಾಗಿದೆ: ಬಹು ಆಯಾಮದ ದತ್ತಾಂಶ ವಿಶ್ಲೇಷಣೆಯ ವ್ಯವಸ್ಥೆಯನ್ನು ಕಟ್ಟಲು ಕಲಿಯುವುದು. ಕಂಪ್ಯೂಟರ್ ಮಂದಿ ಇದನ್ನು ಡೇಟಾ ವೇರ್‌ಹೌಸ್, ಓಲ್ಯಾಪ್, ಕ್ಯೂಬ್ ಎಂದೆಲ್ಲ ಕರೆಯುತ್ತಾರೆ. ಹೆಸರು ಕೇಳಿ ಹೆದರಬೇಡಿ. ಕನ್ನಡ ಬಿ.ಎ. ಮಾಡಿ ಮೈಕಿನ ಮುಂದೆ ಕೂತವಳು ನಾನು. ನನಗೆ ಅರ್ಥವಾದದ್ದು ನಿಮ್ಮ ಮನೆಯ ಬಿ.ಕಾಂ. ಹುಡುಗಿಗೆ ಆಗದೇ ಇರುತ್ತದೆಯೇ?

ಈ ವಿದ್ಯೆ ನಮ್ಮಿಂದ ದೂರದ್ದೂ ಅಲ್ಲ. ಬಾಂದ್ರಾ ಸ್ಟೇಷನ್ನಿನಲ್ಲಿ ಪೂರ್ವಕ್ಕೆ ಇಳಿದು ಕುರ್ಲಾ ಕಡೆ ಹೊರಟರೆ ಸಿಗುವ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್ ನಿಮಗೆಲ್ಲ ಗೊತ್ತು. 2024ರ ಅಕ್ಟೋಬರಿನಿಂದ ಅಲ್ಲಿಗೆ ಭೂಗತ ಮೆಟ್ರೋ ಕೂಡ ಇದೆ. ಒಂದು ಕಾಲಕ್ಕೆ ಮಿಠಿ ನದಿಯ ಜೌಗು ನೆಲವಾಗಿದ್ದ ಆ ಜಾಗದಲ್ಲಿ ಇಂದು ಷೇರುಪೇಟೆಯ ನಿಯಂತ್ರಕ ಸೆಬಿ ಇದೆ, ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ ಇದೆ, ಬ್ಯಾಂಕ್ ಆಫ್ ಬರೋಡಾದ ಕಾರ್ಪೊರೇಟ್ ಕಚೇರಿ ಇದೆ. ಜೊತೆಗೆ, ದಾರಿಹೋಕರ ಕಣ್ಣಿಗೆ ಅಷ್ಟಾಗಿ ಬೀಳದ ಇನ್ನೊಂದು ಕಚೇರಿಯೂ ಇದೆ. ಅದು ಭಾರತೀಯ ರಿಸರ್ವ್ ಬ್ಯಾಂಕಿನ ಅಂಕಿಅಂಶ ಮತ್ತು ಮಾಹಿತಿ ನಿರ್ವಹಣಾ ವಿಭಾಗ. ದೇಶದ ಬ್ಯಾಂಕುಗಳ ಲೆಕ್ಕವೆಲ್ಲ ಬಂದು ಸೇರುವ ಕಣಜ ಅದು. ಆ ಕಣಜದ ಒಂದು ಬಾಗಿಲನ್ನು ರಿಸರ್ವ್ ಬ್ಯಾಂಕ್ 2004ರಲ್ಲಿ ‘ಡೇಟಾಬೇಸ್ ಆನ್ ಇಂಡಿಯನ್ ಎಕಾನಮಿ’ ಎಂಬ ಹೆಸರಿನಲ್ಲಿ ಸಾರ್ವಜನಿಕರಿಗೂ ತೆರೆಯಿತು. 2023ರ ಜೂನ್ 30ರಂದು ಅದರ ಹೊಸ ತಲೆಮಾರಿನ ವ್ಯವಸ್ಥೆಗೆ ಚಾಲನೆ ಕೊಟ್ಟಿತು. ನಾನು ಇಂದು ಹೇಳಹೊರಟ ವಿದ್ಯೆ ಇಂಥ ಕಣಜಗಳನ್ನು ಕಟ್ಟುವ ವಿದ್ಯೆ.

ಮೊದಲು, ಆಯಾಮ ಎಂದರೇನು? ಹೋಟೆಲಿನಿಂದಲೇ ಶುರುಮಾಡೋಣ. ಮುಂಬಯಿ ಕನ್ನಡಿಗರಿಗೆ ಅದಕ್ಕಿಂತ ಹತ್ತಿರದ ಉದಾಹರಣೆ ಯಾವುದಿದೆ? ಬಾಂದ್ರಾದಲ್ಲಿ ಒಂದು ಉಡುಪಿ ಹೋಟೆಲ್ ಇದೆ ಎಂದಿಟ್ಟುಕೊಳ್ಳಿ. ರಾತ್ರಿ ಬಾಗಿಲು ಹಾಕುವಾಗ ಯಜಮಾನರು, “ಇವತ್ತು ಎಷ್ಟಾಯಿತು?” ಎಂದು ಕೇಳುತ್ತಾರೆ. ಗಲ್ಲಾದಲ್ಲಿ ಕೂತವರು ಒಂದು ಮೊತ್ತ ಹೇಳುತ್ತಾರೆ. ಅಲ್ಲಿಗೆ ಲೆಕ್ಕ ಮುಗಿಯಿತು. ಆದರೆ ಯಜಮಾನರ ಮನಸ್ಸಿನಲ್ಲಿರುವ ನಿಜವಾದ ಪ್ರಶ್ನೆಗಳು ಬೇರೆ. ಸೋಮವಾರ ಮಸಾಲೆ ದೋಸೆ ಯಾಕೆ ಕಡಿಮೆ ಹೋಗುತ್ತದೆ? ಮಳೆಗಾಲದಲ್ಲಿ ಪಾರ್ಸೆಲ್ ಹೆಚ್ಚುತ್ತದೆಯೋ ಇಲ್ಲವೋ? ಕಳೆದ ವರ್ಷ ನವರಾತ್ರಿಯಲ್ಲಿ ಸಂಜೆ ಹೊತ್ತು ಏನು ಹೆಚ್ಚು ಖರ್ಚಾಯಿತು? ಇಲ್ಲಿ ‘ಎಷ್ಟು’ ಎಂಬುದು ಅಳತೆ. ಏನು, ಯಾವಾಗ, ಎಲ್ಲಿ, ಯಾರಿಗೆ ಎಂಬ ಒಂದೊಂದು ಪ್ರಶ್ನಾರ್ಥಕವೂ ಒಂದೊಂದು ಆಯಾಮ. ವ್ಯಾಕರಣದ ತರಗತಿಯಲ್ಲಿ ವಾಕ್ಯವನ್ನು ಬಿಡಿಸುವಾಗ ಕೇಳುತ್ತಿದ್ದ ಪ್ರಶ್ನೆಗಳೇ ಇವು.

ಆ ಹೋಟೆಲಿನಲ್ಲಿ 80 ಬಗೆಯ ತಿಂಡಿ, ವರ್ಷಕ್ಕೆ 365 ದಿನ, ದಿನಕ್ಕೆ ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಎಂಬ ಮೂರು ಹೊತ್ತು, ಹಾಲ್, ಎ.ಸಿ. ಕೋಣೆ, ಪಾರ್ಸೆಲ್, ಫೋನ್ ಆರ್ಡರ್ ಎಂಬ ನಾಲ್ಕು ದಾರಿ. ಗುಣಿಸಿ ನೋಡಿ: ಒಂದು ವರ್ಷಕ್ಕೆ 3,50,400 ಮನೆಗಳ ಒಂದು ದೊಡ್ಡ ಕಪಾಟು ಆಯಿತು. ಇದನ್ನೇ ಕ್ಯೂಬ್ ಎನ್ನುತ್ತಾರೆ. ಕಪಾಟಿನ ಒಂದು ಹಲಗೆಯನ್ನು ಮಾತ್ರ ಎಳೆದು ನೋಡಿದರೆ, ಉದಾಹರಣೆಗೆ ಪಾರ್ಸೆಲ್ ಮಾತ್ರ, ಅದು ಒಂದು ಹೋಳು. ವರ್ಷದ ಮೊತ್ತದಿಂದ ತಿಂಗಳಿಗೆ, ತಿಂಗಳಿಂದ ದಿನಕ್ಕೆ ಇಳಿದರೆ ಅದು ಮೆಟ್ಟಿಲಿಳಿಯುವುದು. ದಿನಗಳನ್ನು ಕೂಡಿಸಿ ತಿಂಗಳು ಮಾಡಿದರೆ ಮೆಟ್ಟಿಲೇರುವುದು. ಈ ಮನೆಗಳಲ್ಲಿ ಎಷ್ಟೋ ಖಾಲಿಯಾಗಿಯೇ ಇರುತ್ತವೆ. ರಾತ್ರಿ ಹತ್ತಕ್ಕೆ ಉಪ್ಪಿಟ್ಟು ಯಾರು ಕೇಳುತ್ತಾರೆ? ಖಾಲಿ ಮನೆಗಳಿಗೆ ಜಾಗ ದಂಡ ಮಾಡದೆ ಕಪಾಟು ಕಟ್ಟುವುದು ಹೇಗೆ ಎಂಬುದೇ ಈ ವಿದ್ಯೆಯ ಮೊದಲ ಜಾಣತನ.

ಈ ವಿದ್ಯೆಯ ಇತಿಹಾಸವನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. 1970ರಲ್ಲಿ ಎಡ್ಗರ್ ಕಾಡ್ ಎಂಬ ವಿಜ್ಞಾನಿ ಮಾಹಿತಿಯನ್ನು ಕೋಷ್ಟಕಗಳಲ್ಲಿ ಜೋಡಿಸುವ ರಿಲೇಷನಲ್ ಪದ್ಧತಿಯನ್ನು ಕೊಟ್ಟರು. ಇಂದಿನ ಬ್ಯಾಂಕು, ರೈಲ್ವೆ ರಿಸರ್ವೇಷನ್ ಎಲ್ಲದರ ಹಿಂದೆ ಇರುವುದು ಅದೇ ಯೋಚನೆ. ಅದೇ ಕಾಡ್ 1993ರಲ್ಲಿ, ದಿನದ ವ್ಯವಹಾರ ಬರೆದಿಡುವುದು ಬೇರೆ, ಅದನ್ನು ಹತ್ತು ದಿಕ್ಕಿನಿಂದ ತಿರುಗಿಸಿ ನೋಡುವುದು ಬೇರೆ ಎಂದು ಹೇಳಿ, ಎರಡನೆಯದಕ್ಕೆ ಓಲ್ಯಾಪ್ ಎಂಬ ಹೆಸರಿಟ್ಟರು. ಆ ಲೇಖನ ಬರೆಸಿದ್ದು ಅಂಥದೇ ಸಾಫ್ಟ್‌ವೇರ್ ಮಾರುತ್ತಿದ್ದ ಆರ್ಬರ್ ಎಂಬ ಕಂಪನಿ ಎಂದು ಆಮೇಲೆ ಟೀಕೆಯೂ ಬಂತು. ಹೆಸರು ಮಾತ್ರ ಉಳಿಯಿತು. 1996ರಲ್ಲಿ ರಾಲ್ಫ್ ಕಿಂಬಾಲ್ ಬರೆದ ‘ದಿ ಡೇಟಾ ವೇರ್‌ಹೌಸ್ ಟೂಲ್‌ಕಿಟ್’ ಎಂಬ ಪುಸ್ತಕ, ಕಣಜವನ್ನು ನಕ್ಷತ್ರದ ಆಕಾರದಲ್ಲಿ ಕಟ್ಟುವುದನ್ನು ಕಲಿಸಿತು. ನಡುವೆ ಅಳತೆಗಳ ದೊಡ್ಡ ಕೋಷ್ಟಕ, ಸುತ್ತ ತಿಂಡಿ, ದಿನ, ಹೊತ್ತು, ಜಾಗ ಎಂಬ ಆಯಾಮಗಳ ಚಿಕ್ಕ ಕೋಷ್ಟಕಗಳು. ಇಂದಿಗೂ ಈ ಕೆಲಸಕ್ಕೆ ಸೇರುವವರು ಮೊದಲು ಕಲಿಯುವ ಚಿತ್ರ ಇದೇ.

ಆ ಚಿತ್ರ ಬರೆಯುವ ಮೊದಲು ಒಂದು ನಿರ್ಧಾರ ಆಗಬೇಕು. ಇಂಗ್ಲಿಷಿನಲ್ಲಿ ಅದಕ್ಕೆ ‘ಗ್ರೇನ್’ ಎನ್ನುತ್ತಾರೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಕಾಳು. ಕಣಜಕ್ಕೆ ಹಾಕುವ ಒಂದು ಕಾಳು ಎಂದರೆ ಏನು? ದಿನದ ಒಟ್ಟು ವ್ಯಾಪಾರವೇ? ಒಂದು ಬಿಲ್ಲೇ? ಬಿಲ್ಲಿನ ಒಂದೊಂದು ಸಾಲೇ? ದಿನದ ಮೊತ್ತ ಮಾತ್ರ ಇಟ್ಟುಕೊಂಡರೆ ಜಾಗ ಉಳಿಯುತ್ತದೆ, ಕೆಲಸ ಬೇಗ ಆಗುತ್ತದೆ. ಆದರೆ ಆರು ತಿಂಗಳ ಮೇಲೆ ಯಜಮಾನರು ಇಡ್ಲಿಯ ಜೊತೆ ವಡೆ ತೆಗೆದುಕೊಳ್ಳುವವರು ಎಷ್ಟು ಮಂದಿ ಎಂದು ಕೇಳಿದರೆ, ದೊಡ್ಡ ಕಂಪ್ಯೂಟರ್ ತಂದಿಟ್ಟರೂ ಉತ್ತರ ಬಾರದು. ಕಾಳಿನಿಂದ ಹಿಟ್ಟು ಯಾವಾಗ ಬೇಕಾದರೂ ಮಾಡಬಹುದು. ಹಿಟ್ಟಾದ ಮೇಲೆ ಕಾಳು ಸಿಗದು. ಈ ವಿದ್ಯೆಯಲ್ಲಿ ನಾನು ಹಿಡಿದುಕೊಂಡ ಸಾರ ಇಷ್ಟೇ. ಮುಂದಿನ ಮಾತೆಲ್ಲ ಇದರ ವಿಸ್ತಾರ.

ಎರಡನೆಯ ಪಾಠ ಕೂಡಿಸುವುದರದು. ಉಡುಪಿಯ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಶುರುಮಾಡಿದ ಪಿಗ್ಮಿ ಠೇವಣಿ ನಮ್ಮ ಹಿರಿಯರಿಗೆ ನೆನಪಿರುತ್ತದೆ. ಏಜೆಂಟರು ದಿನವೂ ಮನೆಬಾಗಿಲಿಗೆ, ಅಂಗಡಿ ಬಾಗಿಲಿಗೆ ಬಂದು ಎರಡಾಣೆಯಿಂದ ಮೊದಲ್ಗೊಂಡು ಕೊಟ್ಟಷ್ಟನ್ನು ಬರೆದುಕೊಂಡು ಹೋಗುತ್ತಿದ್ದರು. ಯಾರು, ಯಾವ ದಿನ, ಎಷ್ಟು: ಏಜೆಂಟರ ಆ ಪುಸ್ತಕದ ಒಂದೊಂದು ಸಾಲೂ ಒಂದು ಕಾಳು. ದಿನದಿನದ ಕಂತುಗಳನ್ನು ಕೂಡಿಸಬಹುದು. ಇವತ್ತು ಹತ್ತು, ನಾಳೆ ಇಪ್ಪತ್ತು, ಒಟ್ಟು ಮೂವತ್ತು. ಆದರೆ ಪಾಸ್‌ಪುಸ್ತಕದ ಬಾಕಿ ಮೊತ್ತವನ್ನು ಹಾಗೆ ಕೂಡಿಸಲು ಬರುತ್ತದೆಯೇ? ಜನವರಿ ಕೊನೆಗೆ 500 ರೂಪಾಯಿ ಇತ್ತು, ಫೆಬ್ರವರಿ ಕೊನೆಗೆ 700 ಆಯಿತು ಎಂದಾಕ್ಷಣ ನಮ್ಮ ಹತ್ತಿರ 1200 ಇದೆ ಎನ್ನಲಾದೀತೇ? ಒಂದೇ ದಿನ ಹತ್ತು ಜನರ ಬಾಕಿ ಕೂಡಿಸಬಹುದು, ಒಬ್ಬರದೇ ಹತ್ತು ತಿಂಗಳ ಬಾಕಿ ಕೂಡಿಸಬಾರದು. ಕಂಪ್ಯೂಟರಿಗೆ ಈ ವಿವೇಕ ತಾನಾಗಿ ಇಲ್ಲ. ಯಾವ ಅಳತೆಯನ್ನು ಯಾವ ಆಯಾಮದಲ್ಲಿ ಕೂಡಿಸಬಹುದು ಎಂದು ಕಟ್ಟುವವರೇ ಹೇಳಿಕೊಡಬೇಕು. ಬಿ.ಕಾಂ. ಓದಿದವರಿಗೆ, ಲೆಕ್ಕದ ಪುಸ್ತಕ ಬರೆದವರಿಗೆ ಇದು ಹೇಳಿಕೊಡದೆಯೂ ಗೊತ್ತಿರುತ್ತದೆ ಎಂಬುದನ್ನು ಗಮನಿಸಿ. ಅರ್ಧ ವಿದ್ಯೆ ಆಗಲೇ ನಿಮ್ಮ ಕೈಯಲ್ಲಿದೆ.

ಮೂರನೆಯ ಪಾಠ ಹೆಸರುಗಳದು. ಪಿಗ್ಮಿ ಶುರುಮಾಡಿದ ಆ ಬ್ಯಾಂಕು 1925ರಲ್ಲಿ ಹುಟ್ಟಿ, 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನೊಳಗೆ ಸೇರಿಹೋಯಿತು. ಅದೇ ದಿನ, 1906ರಲ್ಲಿ ಉಡುಪಿಯಲ್ಲಿ ಹುಟ್ಟಿದ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು. ಒಂದು ವರ್ಷ ಮೊದಲು, 2019ರ ಏಪ್ರಿಲ್ 1ರಂದು, 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದ ಪಾಲಾಗಿತ್ತು. ಊರಿನವರಿಗೆ ಅದು ಮನಸ್ಸಿನ ನೋವು. ಕಣಜ ಕಟ್ಟುವವರಿಗೆ ಅದು ದೊಡ್ಡ ತಲೆನೋವು ಕೂಡ. 2018ರಲ್ಲಿ ವಿಜಯಾ ಬ್ಯಾಂಕಿನದಾಗಿದ್ದ ಶಾಖೆ 2019ರಲ್ಲಿ ಬರೋಡಾದ್ದು. ಹಾಗಿದ್ದರೆ ಹಳೆಯ ವರ್ಷಗಳ ಲೆಕ್ಕದಲ್ಲಿ ಅದನ್ನು ಯಾರ ಹೆಸರಿನಲ್ಲಿ ತೋರಿಸಬೇಕು? ಹೆಸರನ್ನು ಅಳಿಸಿ ಹೊಸದು ಬರೆದುಬಿಟ್ಟರೆ ಕೆಲಸ ಸುಲಭ, ಆದರೆ ವಿಜಯಾ ಬ್ಯಾಂಕ್ ಎಂಬುದು ಹಿಂದೆ ಇರಲೇ ಇಲ್ಲ ಎಂದಾಗುತ್ತದೆ. ಹಳೆಯ ಸಾಲನ್ನು ಹಾಗೆಯೇ ಬಿಟ್ಟು, ಇಂಥ ದಿನದಿಂದ ಇಂಥ ದಿನದವರೆಗೆ ಎಂದು ತಾರೀಖು ಹಾಕಿ, ಕೆಳಗೆ ಹೊಸ ಸಾಲು ಬರೆದರೆ ಇತಿಹಾಸ ಉಳಿಯುತ್ತದೆ. ಕಿಂಬಾಲ್ ಈ ಎರಡು ಕ್ರಮಗಳಿಗೆ ಒಂದನೆಯ ಬಗೆ, ಎರಡನೆಯ ಬಗೆ ಎಂದು ಹೆಸರಿಟ್ಟಿದ್ದಾರೆ.

ಜಿಲ್ಲೆಗಳದೂ ಇದೇ ಕಥೆ. ದಕ್ಷಿಣ ಕನ್ನಡದಿಂದ ಉಡುಪಿ ಬೇರೆಯಾದದ್ದು 1997ರ ಆಗಸ್ಟಿನಲ್ಲಿ. ಇದು ಗೊತ್ತಿಲ್ಲದೆ 1996 ಮತ್ತು 1998ರ ದಕ್ಷಿಣ ಕನ್ನಡದ ಠೇವಣಿಗಳನ್ನು ಹೋಲಿಸಿದರೆ, ಜನರೆಲ್ಲ ದುಡ್ಡು ತೆಗೆದುಕೊಂಡು ಓಡಿಹೋದರೇನೋ ಅನ್ನಿಸಬೇಕು! ನಾವು ಮಾತಾಡುತ್ತಿರುವ ಬಾಂದ್ರಾ ಕೂಡ ಹೀಗೆಯೇ. 1990ರ ಅಕ್ಟೋಬರಿನಲ್ಲಿ ಮುಂಬಯಿ ಉಪನಗರ ಎಂಬ ಪ್ರತ್ಯೇಕ ಜಿಲ್ಲೆಯಾಗಿ, ಅದಕ್ಕೆ ಬಾಂದ್ರಾವೇ ಕೇಂದ್ರವಾಯಿತು. ಬಾಂದ್ರಾ ಇದ್ದಲ್ಲೇ ಇದೆ, ಅದು ಸೇರಿದ ಆಯಾಮ ಬದಲಾಯಿತು.

ಈಗ ಈ ವಿದ್ಯೆಯಲ್ಲಿ ನನ್ನ ಮನಸ್ಸನ್ನು ಹೆಚ್ಚು ತಟ್ಟಿದ ಸಂಗತಿಗೆ ಬರುತ್ತೇನೆ. ಬಾಂದ್ರಾದ ಆ ವಿಭಾಗಕ್ಕೆ ಬಂದು ಸೇರುವ ಲೆಕ್ಕಗಳಲ್ಲಿ, 1972ರಲ್ಲಿ ಶುರುವಾದ ‘ಬೇಸಿಕ್ ಸ್ಟ್ಯಾಟಿಸ್ಟಿಕಲ್ ರಿಟರ್ನ್ಸ್’ ಎಂಬುದೊಂದಿದೆ. ದೇಶದ ಬ್ಯಾಂಕುಗಳು ಯಾವ ಜಿಲ್ಲೆಯಲ್ಲಿ, ಯಾವ ವೃತ್ತಿಯವರಿಗೆ, ಎಷ್ಟು ಬಡ್ಡಿಗೆ, ಎಷ್ಟು ಸಾಲ ಕೊಟ್ಟಿವೆ ಎಂಬ ವಿವರ ಅದರಲ್ಲಿರುತ್ತದೆ. ಊರುಗಳಿಗೂ ಒಂದು ಆಯಾಮವಿದೆ: ಹತ್ತು ಸಾವಿರಕ್ಕಿಂತ ಕಡಿಮೆ ಜನರಿದ್ದರೆ ಗ್ರಾಮೀಣ, ಒಂದು ಲಕ್ಷದೊಳಗೆ ಅರೆಪಟ್ಟಣ, ಹತ್ತು ಲಕ್ಷದೊಳಗೆ ಪಟ್ಟಣ, ಅದರ ಮೇಲೆ ಮಹಾನಗರ. ಕಾಗದದ ಫಾರಂ ತುಂಬುವ ಕಾಲದಲ್ಲಿ ಕಟ್ಟಿದ ಬಹು ಆಯಾಮದ ಲೆಕ್ಕವಿದು, ಮೆಚ್ಚಲೇಬೇಕು. ಆದರೆ 1999ರ ಮಾರ್ಚಿನಿಂದ ಮುಂದೆ ಹಲವು ವರ್ಷ, ಎರಡು ಲಕ್ಷ ರೂಪಾಯಿ ಮೀರಿದ ಸಾಲಗಳ ವಿವರ ಒಂದೊಂದು ಖಾತೆಗೂ ಬೇರೆ ಬೇರೆಯಾಗಿ ಹೋಗುತ್ತಿತ್ತು. ಅದಕ್ಕಿಂತ ಚಿಕ್ಕ ಸಾಲಗಳ ಲೆಕ್ಕ ಶಾಖೆಯಲ್ಲೇ ಒಟ್ಟುಗೂಡಿ ಮೊತ್ತವಾಗಿ ಹೋಗುತ್ತಿತ್ತು. ಕೋಟಿಗಟ್ಟಲೆ ಚಿಕ್ಕ ಖಾತೆಗಳನ್ನು ಒಂದೊಂದಾಗಿ ಬರೆಯುವುದು ಆಗಿನ ಗುಮಾಸ್ತರಿಗೆ ಅಸಾಧ್ಯದ ಮಾತು, ನಿಜ. ಪರಿಣಾಮ ಮಾತ್ರ ಏನಾಯಿತು ನೋಡಿ: ಕಾರ್ಖಾನೆಯ ಯಜಮಾನನ ಸಾಲ ಕಾಳಾಗಿ ಉಳಿಯಿತು, ಹೊಲಿಗೆ ಯಂತ್ರಕ್ಕೆ ಸಾಲ ತೆಗೆದ ಹೆಂಗಸಿನ ಲೆಕ್ಕ ಹಿಟ್ಟಾಯಿತು. ಮುಂದೆ ಯಾರಾದರೂ ಆ ಹೆಂಗಸಿನ ಬಗ್ಗೆ ಪ್ರಶ್ನೆ ಕೇಳಿದರೆ ಆ ವರ್ಷಗಳ ಕಣಜ ಬಾಯಿ ಬಿಡದು.

ಎಲ್ಲಿ ಕಾಳು ನಿಲ್ಲುತ್ತದೆ, ಎಲ್ಲಿ ಹಿಟ್ಟು ಶುರುವಾಗುತ್ತದೆ ಎಂಬ ಗೆರೆಯನ್ನು ಯಾರೋ ಒಬ್ಬರು ಕೂತು ಎಳೆಯುತ್ತಾರೆ. ಗೆರೆಯ ಕೆಳಗೆ ಬೀಳುವವರು ಸಾಮಾನ್ಯವಾಗಿ ಸಣ್ಣವರು, ಸಂಖ್ಯೆಯಲ್ಲಿ ಕಡಿಮೆ ಇರುವವರು, ಪರವೂರಿನವರು. ಭಾಷೆಯ ವಿಷಯದಲ್ಲಂತೂ ಇದು ನಮಗೆ ನೇರವಾಗಿ ತಟ್ಟುವ ಮಾತು. 2011ರ ಜನಗಣತಿಯಲ್ಲಿ ಪ್ರತಿಯೊಬ್ಬರ ಮಾತೃಭಾಷೆಯನ್ನೂ ಕೇಳಿ ಬರೆದುಕೊಂಡಿದ್ದರು. ಆ ಕಾಳು ಇದ್ದುದರಿಂದಲೇ ದೇಶದಲ್ಲಿ ಕನ್ನಡದವರು 4 ಕೋಟಿ 37 ಲಕ್ಷ ಎಂದು ನಮಗೆ ಗೊತ್ತಾದದ್ದು. ಆ ಸಂಖ್ಯೆಯೊಳಗೆ ನೀಲಗಿರಿಯ ಬಡಗರೂ ಇದ್ದಾರೆ. ಮೆಟ್ಟಿಲೇರುವಾಗ ಬಡಗ ಎಂಬ ಮಾತೃಭಾಷೆಯನ್ನು ಕನ್ನಡ ಎಂಬ ಭಾಷೆಯ ಕೆಳಗೆ ಸೇರಿಸಿದ್ದಾರೆ. ಮೆಟ್ಟಿಲಿಳಿದರೆ ಬಡಗರು ಮತ್ತೆ ಬೇರೆಯಾಗಿ ಕಾಣುತ್ತಾರೆ, ಏಕೆಂದರೆ ಕಾಳು ಉಳಿದಿದೆ. ಆದರೆ ಹತ್ತು ಸಾವಿರಕ್ಕಿಂತ ಕಡಿಮೆ ಜನ ಆಡುವ ಮಾತುಗಳನ್ನು ಪ್ರಕಟವಾದ ಪಟ್ಟಿಯಲ್ಲಿ ‘ಇತರೆ’ ಎಂಬ ಒಂದೇ ಚೀಲಕ್ಕೆ ಹಾಕಿದರು. ಆ ಚೀಲದೊಳಗೆ ಯಾರಿದ್ದಾರೆ ಎಂದು ಪಟ್ಟಿ ನೋಡಿದವರಿಗೆ ತಿಳಿಯದು.

ನಮ್ಮ ರೇಡಿಯೋಗೂ ಇದು ಅನ್ವಯಿಸುತ್ತದೆ. ಮುಂಬಯಿಯ ಕೇಳುಗರ ಬಗ್ಗೆ ಒಂದು ಸಂಸ್ಥೆ ತಯಾರಿಸಿದ ವರದಿಯೊಂದನ್ನು ನಾನು ನೋಡಿದ್ದೆ. ವಯಸ್ಸಿತ್ತು, ಆದಾಯವಿತ್ತು, ಬಡಾವಣೆಯಿತ್ತು, ಬಣ್ಣಬಣ್ಣದ ಚಿತ್ರಗಳಿದ್ದವು. ಮನೆಮಾತು ಎಂಬ ಅಂಕಣವೇ ಇರಲಿಲ್ಲ. ನೀವು ಭಾನುವಾರ ಬೆಳಗ್ಗೆ ಕಾಫಿ ಹಿಡಿದು ನಮ್ಮ ಕಾರ್ಯಕ್ರಮ ಕೇಳುತ್ತೀರಿ, ಊರಿಗೆ ಫೋನ್ ಮಾಡಿ ಹೇಳುತ್ತೀರಿ, ಪತ್ರ ಬರೆಯುತ್ತೀರಿ. ಆ ಕಣಜದಲ್ಲಿ ನೀವು ಮೂವತ್ತೈದರಿಂದ ಐವತ್ತರ ಪ್ರಾಯದ ಬಾಂದ್ರಾ ನಿವಾಸಿ, ಅಷ್ಟೇ. ಕನ್ನಡಕ್ಕೆ ಕೇಳುಗರಿದ್ದಾರೆಯೇ ಎಂದು ಯಾರಾದರೂ ಆ ವರದಿಯನ್ನು ಕೇಳಿದರೆ ಅದು ‘ಇಲ್ಲ’ ಎನ್ನುವುದಿಲ್ಲ. ಪ್ರಶ್ನೆಯೇ ಅದಕ್ಕೆ ಅರ್ಥವಾಗುವುದಿಲ್ಲ. ಭಾಷಾ ಕಾರ್ಯಕ್ರಮಗಳ ಅರ್ಧ ಗಂಟೆಯನ್ನು ಉಳಿಸುವುದೋ ಬಿಡುವುದೋ ಎಂಬ ನಿರ್ಧಾರಗಳು ಇಂಥ ವರದಿಗಳ ಮೇಲೆ ನಿಲ್ಲುವ ಕಾಲವಿದು. ಅದಕ್ಕೇ ಹೇಳುತ್ತೇನೆ, ಕಣಜ ಕಟ್ಟುವ ಮೇಜಿನ ಮುಂದೆ ನಮ್ಮ ಹುಡುಗ ಹುಡುಗಿಯರು ಕೂರಬೇಕು. ಆ ಒಂದು ಅಂಕಣ ಬೇಕು ಎಂದು ಹೊಳೆಯುವುದು ಅದರ ಕೊರತೆ ಉಂಡವರಿಗೆ.

ಕಲಿಯುವ ದಾರಿ ಯಾವುದು? ಇವತ್ತೇ ಕ್ಲಾಸಿಗೆ ದುಡ್ಡು ಕಟ್ಟಬೇಡಿ. ಮೊದಲ ತಿಂಗಳು ಎಕ್ಸೆಲ್ ಸಾಕು. ಮನೆಯ ದಿನಸಿ ಖರ್ಚನ್ನೋ, ಹೋಟೆಲಿನ ಒಂದು ವಾರದ ಬಿಲ್ಲುಗಳನ್ನೋ ಸಾಲುಸಾಲಾಗಿ ಬರೆಯಿರಿ. ಅದರ ಪಿವೊಟ್ ಟೇಬಲ್ ಎಂಬ ಸೌಕರ್ಯದಲ್ಲಿ ಆಯಾಮಗಳನ್ನು ಅಡ್ಡಕ್ಕೆ, ಉದ್ದಕ್ಕೆ ಬದಲಾಯಿಸಿ ನೋಡಿ. ಕ್ಯೂಬ್ ಎಂದರೇನೆಂದು ಬೆರಳಿಗೆ ಗೊತ್ತಾಗುತ್ತದೆ. ಆಮೇಲೆ ಎಸ್‌ಕ್ಯೂಎಲ್ ಕಲಿಯಿರಿ. ಅದು ಕಣಜವನ್ನು ಪ್ರಶ್ನೆ ಕೇಳುವ ಭಾಷೆ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಪೂರ್ತಿ ಉಚಿತ. ಜಿಮ್ ಗ್ರೇ ಎಂಬ ವಿಜ್ಞಾನಿ ಮತ್ತು ಸಂಗಡಿಗರು 1996ರಲ್ಲಿ ಸೂಚಿಸಿದ ಕ್ಯೂಬ್ ಎಂಬ ಆಜ್ಞೆ 2016ರಿಂದ ಅದರಲ್ಲೂ ಇದೆ. ಎಲ್ಲ ಆಯಾಮಗಳ ಎಲ್ಲ ಮೊತ್ತಗಳನ್ನೂ ಅದು ಒಂದೇ ಏಟಿಗೆ ಕೊಡುತ್ತದೆ. ಮೂರನೆಯದಾಗಿ, ನಕ್ಷತ್ರದ ಚಿತ್ರವನ್ನು ಕಾಗದದ ಮೇಲೆ ಬರೆಯಿರಿ. ಯಂತ್ರ ಮುಟ್ಟುವ ಮೊದಲು ಒಂದು ಪುಟದಲ್ಲಿ, ನಿಮ್ಮದೇ ಮಾತಿನಲ್ಲಿ, “ಇಲ್ಲಿ ಒಂದು ಕಾಳು ಎಂದರೆ ಇಂಥದ್ದು” ಎಂದು ಬರೆದುಕೊಳ್ಳಿ. ಕನ್ನಡದಲ್ಲೇ ಬರೆದರೆ ಇನ್ನೂ ಒಳ್ಳೆಯದು, ಅರ್ಥವಾಗದ್ದನ್ನು ಇಂಗ್ಲಿಷ್ ಪದದ ಹಿಂದೆ ಅಡಗಿಸಲು ಆಗುವುದಿಲ್ಲ. ಕೊನೆಯದಾಗಿ, ರಿಸರ್ವ್ ಬ್ಯಾಂಕಿನ ಆ ಸಾರ್ವಜನಿಕ ಕಣಜದಿಂದ ಜಿಲ್ಲಾವಾರು ಠೇವಣಿ, ಸಾಲದ ಪಟ್ಟಿಗಳನ್ನು ಇಳಿಸಿಕೊಂಡು, ನಿಮ್ಮೂರಿನ ಜಿಲ್ಲೆಯನ್ನೂ ಮುಂಬಯಿ ಉಪನಗರವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಕೆಲಸ ಕೇಳಲು ಹೋದಾಗ ಸರ್ಟಿಫಿಕೇಟಿನ ಜೊತೆ ಇದನ್ನೂ ತೋರಿಸಿ.

ಈಗೆಲ್ಲ ಬಾಯಿಮಾತಿನಲ್ಲಿ ಕೇಳಿದರೆ ಯಂತ್ರವೇ ಲೆಕ್ಕ ಮಾಡಿಕೊಡುತ್ತದಲ್ಲ, ಇದನ್ನು ಯಾಕೆ ಕಲಿಯಬೇಕು ಎಂದು ನಿಮ್ಮ ಮಕ್ಕಳು ಕೇಳಬಹುದು. ಕೇಳಲಿ. ಯಂತ್ರ ಉತ್ತರ ಹುಡುಕುವುದು ಕಣಜದಲ್ಲಿ ಇರುವುದರೊಳಗೆ. ಬಾಕಿಯನ್ನು ತಿಂಗಳಿಗೆ ತಿಂಗಳು ಕೂಡಿಸಬಾರದು, ವಿಜಯಾ ಬ್ಯಾಂಕ್ ಇತ್ತು, ಉಡುಪಿ ಮೊದಲು ದಕ್ಷಿಣ ಕನ್ನಡದಲ್ಲಿತ್ತು ಎಂಬುದನ್ನು ಯಾರಾದರೂ ಮೊದಲೇ ಬರೆದಿಟ್ಟಿರಬೇಕು. ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಕನ್ನಡ ಶಾಲೆಯಲ್ಲಿ ಓದಿ ಈ ನಗರದಲ್ಲಿ ಬೇರೂರಿದ ತಲೆಮಾರಿನ ಮಕ್ಕಳು ನಾವು. ಸಂಜೆಯ ಎರಡು ತಾಸಿನಲ್ಲಿ ಏನು ಸಾಧ್ಯ ಎಂದು ನಮ್ಮ ಹಿರಿಯರು ಆಗಲೇ ತೋರಿಸಿಕೊಟ್ಟಿದ್ದಾರೆ.

ಮುಗಿಸುವ ಮೊದಲು ಒಂದು ವಿನಂತಿ. ಇನ್ನು ಮುಂದೆ ನಮಗೆ ಪತ್ರ ಬರೆಯುವಾಗ, ಹೆಸರು ಹಾಡಿನ ಜೊತೆಗೆ, ನಿಮ್ಮ ಬಡಾವಣೆ ಯಾವುದು, ಎಷ್ಟು ಹೊತ್ತಿಗೆ ಕೇಳಿದಿರಿ, ರೇಡಿಯೋ ಸೆಟ್ಟಿನಲ್ಲೋ ಮೊಬೈಲಿನಲ್ಲೋ, ಮನೆಯಲ್ಲಿ ಎಷ್ಟು ಮಂದಿ ಕೇಳಿದರು, ಮನೆಮಾತು ಕನ್ನಡವೋ ತುಳುವೋ ಕೊಂಕಣಿಯೋ ಎಂದು ಒಂದೊಂದು ಸಾಲು ಸೇರಿಸಿ. ವಿಳಾಸ, ಫೋನ್ ನಂಬರು ಬೇಡ, ಅವು ಲೆಕ್ಕಕ್ಕೆ ಬೇಕಾಗಿಲ್ಲ. ನಾನು ಅವನ್ನು ಸಾಲುಸಾಲಾಗಿ ಬರೆದಿಡುತ್ತೇನೆ, ಕೂಡಿಸಿ ಬಿಸಾಡುವುದಿಲ್ಲ. ವರ್ಷದ ಕೊನೆಗೆ ನಮ್ಮದೇ ಒಂದು ಪುಟ್ಟ ಕಣಜವಾಗುತ್ತದೆ. ಕನ್ನಡಕ್ಕೆ ಯಾರು ಕಿವಿಗೊಡುತ್ತಾರೆ ಎಂದು ಯಾರಾದರೂ ಕೇಳಿದ ದಿನ ಮೇಜಿನ ಮೇಲೆ ಇಡಲು ನಮ್ಮ ಕೈಯಲ್ಲಿ ಕಾಳು ಇರುತ್ತದೆ.

ನಿಮ್ಮ ಪತ್ರದ ದಾರಿ ಕಾಯುತ್ತೇನೆ. ನಮಸ್ಕಾರ.